ನದೀಕಂದರದ ವರ್ಣನೆಯಲ್ಲಿ ದಾರಿಯ ಸ್ಥಾನ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ವಿದ್ಯಾವಂತ ಕುಟುಂಬಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಊರ ಹೊರಗಿನ ರಮ್ಯಸ್ಥಳವೊಂದನ್ನು ನೋಡಿಬರುವ ಪದ್ಧತಿ ಬೆಳೆದು ಬಹುಕಾಲವಾಯಿತು. ಹೋಗಿಬಂದವರು ತಾವು ಕಂಡುದನ್ನು ಬರೆದಿಡುವ ಪದ್ಧತಿಯೂ ಅದರ ಬೆನ್ನಿಗೇ ಬೆಳೆದಿದೆ. ಅದನ್ನೇ ಶಾಲೆಯ ಹುಡುಗನು ಪ್ರಬಂಧವಾಗಿ ಬರೆಯುತ್ತಾನೆ, ತರುಣನು ಪತ್ರಿಕೆಗೆ ಲೇಖನವಾಗಿ ಬರೆಯುತ್ತಾನೆ, ವೃದ್ಧನು ತನ್ನ ಜೀವನಸ್ಮರಣೆಯಲ್ಲಿ ಒಂದು ಪ್ರಕರಣವಾಗಿ ಸೇರಿಸುತ್ತಾನೆ. ಈ ಬರೆಹಗಳಲ್ಲಿ ಮತ್ತೆ ಮತ್ತೆ ಬರುವ ಸ್ಥಳಗಳಲ್ಲಿ ಮೇಕೆದಾಟು ಒಂದು. ರಾಜಧಾನಿಯಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿ, ಕನಕಪುರದ ಆಚೆಯ ಅರಣ್ಯದಲ್ಲಿ, ವಿಶಾಲವಾಗಿ ಹರಿದು ಬಂದ ಕಾವೇರಿಯು ಬಂಡೆಗಳ ನಡುವಣ ಕಿರಿದಾದ ಸೀಳಿನಲ್ಲಿ ನುಸುಳಿ ಹೋಗುವ ಕಂದರವದು. ಅದನ್ನು ನೋಡಿದವರೂ ಬರೆದವರೂ ಅನೇಕರು. ಆದರೆ ಅಷ್ಟು ಬರೆಹದಲ್ಲಿ ಆ ಕಂದರವು ಎಷ್ಟರಮಟ್ಟಿಗೆ ಕನ್ನಡಕ್ಕೆ ದಕ್ಕಿದೆ ಎಂಬ ಪ್ರಶ್ನೆಯನ್ನು ಸಾಹಿತ್ಯಾಭಿಮಾನಿಗಳು ಕೇಳಿಕೊಳ್ಳಬೇಕಾಗಿದೆ.

ಇಂಥ ಲೇಖನಗಳ ಸಾಮಾನ್ಯವಾದ ಅಚ್ಚನ್ನು ಎಲ್ಲರೂ ಬಲ್ಲರು. ಯಾವುದೊಂದು ಲೇಖನವನ್ನೂ ಉದ್ದೇಶಿಸದೆ, ಆ ಅಚ್ಚಿನ ಒಂದು ಮಾದರಿಯನ್ನು ಹೀಗೆ ಬರೆಯಬಹುದು: “ಬೆಳಗ್ಗೆ ಆರು ಗಂಟೆಗೆ ಹೊರಟು, ದಾರಿಯಲ್ಲಿ ಉಪಾಹಾರ ಮುಗಿಸಿ, ಒಂಬತ್ತಕ್ಕೆ ಸಂಗಮವನ್ನು ತಲುಪಿ, ಅಲ್ಲಿಂದ ಮೇಕೆದಾಟನ್ನು ನೋಡಿದೆವು. ಭೋರ್ಗರೆಯುವ ಕಾವೇರಿಯ ಆ ರಮಣೀಯ ದೃಶ್ಯವನ್ನು ವರ್ಣಿಸಲು ಪದಗಳು ಸಾಲವು.” ಈ ಎರಡು ವಾಕ್ಯಗಳನ್ನು ವ್ಯಾಕರಣದ ಕಣ್ಣಿನಿಂದ ಪರೀಕ್ಷಿಸಿದರೆ ಸಾಕು, ರೋಗದ ಮೂಲವು ತಿಳಿಯುತ್ತದೆ. ಮೊದಲನೆಯ ವಾಕ್ಯದಲ್ಲಿ ನಾಲ್ಕು ಕ್ರಿಯೆಗಳಿವೆ. ನಾಲ್ಕಕ್ಕೂ ಕರ್ತೃಗಳು ಪ್ರವಾಸಿಗಳೇ. ಹೊರಟವರು ಅವರು, ತಿಂದವರು ಅವರು, ತಲುಪಿದವರು ಅವರು, ನೋಡಿದವರು ಅವರು. ನದಿಯ ಪಾಲಿಗೆ ಎರಡನೆಯ ವಾಕ್ಯದಲ್ಲಿ ಒಂದು ವಿಶೇಷಣವು ಮಾತ್ರ ಉಳಿದಿದೆ. ಅದೂ ಸಮುದ್ರಕ್ಕೆ, ಜಲಪಾತಕ್ಕೆ, ಮಳೆಗಾಲದ ಮೋರಿಗೆ ಕೂಡ ಸಲ್ಲುವಂಥ ವಿಶೇಷಣ. ಕಡೆಗೆ ಪದಗಳು ಸಾಲವೆಂಬ ಮಾತು. ಒಂದು ಪದವನ್ನಾದರೂ ಪ್ರಯತ್ನಿಸಿ ಸೋತವನಿಗೆ ಮಾತ್ರ ಈ ಮಾತನ್ನು ಆಡುವ ಅಧಿಕಾರವುಂಟು.

ಇದಕ್ಕೆ ಕಾರಣವು ಶಬ್ದಸಂಪತ್ತಿನ ಅಭಾವವೆಂದು ಕೆಲವರು ಭಾವಿಸುತ್ತಾರೆ. ಹಾಗೆ ಭಾವಿಸಿದವರು ನಿಘಂಟಿನಿಂದ ಇನ್ನಷ್ಟು ವಿಶೇಷಣಗಳನ್ನು ತಂದು ತುಂಬುತ್ತಾರೆ. ಬರೆಹವು ಮೊದಲಿಗಿಂತ ಬಡವಾಗುತ್ತದೆ. ನಿಜವಾದ ಕಾರಣ ಬೇರೆ. ಕಂದರವನ್ನು ಒಂದು ನಿಂತ ನೋಟವೆಂದು ತಿಳಿದು, ಅದಕ್ಕೆ ಹೋಗುವ ದಾರಿಯನ್ನು ಬರಿಯ ದೂರವೆಂದು ತಿಳಿದುದೇ ಈ ದೋಷದ ಬೀಜ.

ಈ ವಿಷಯದಲ್ಲಿ ಪ್ರಾಚೀನ ಲಕ್ಷಣಕಾರರಿಂದ ಒಂದು ಬೆಳಕು ದೊರೆಯುತ್ತದೆ. ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಅಂಗಗಳನ್ನು ಎಣಿಸುವಾಗ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮೊದಲಾದುವನ್ನು ಹೇಳುತ್ತಾನೆ. ಇವೇ ಅಷ್ಟಾದಶವರ್ಣನೆಗಳೆಂದು ಪ್ರಸಿದ್ಧವಾಗಿರುವುವು. ನಾಡಿನ ತುಂಬ ನದಿಗಳಿದ್ದರೂ ಈ ಪಟ್ಟಿಯಲ್ಲಿ ನದಿಗೆ ಪ್ರತ್ಯೇಕವಾದ ಸ್ಥಾನವಿಲ್ಲವೆಂಬುದು ಮೊದಲ ನೋಟಕ್ಕೆ ಆಶ್ಚರ್ಯವನ್ನುಂಟುಮಾಡುತ್ತದೆ. ಆದರೆ ಅದೇ ಪಟ್ಟಿಯಲ್ಲಿ ‘ಪ್ರಯಾಣ’ವೆಂಬ ಒಂದು ಅಂಗವಿದೆ. ಮಹಾಕವಿಗಳ ಪ್ರಯೋಗವನ್ನು ನೋಡಿದರೆ ನದಿಯು ಎಲ್ಲಿ ಸೇರಿಕೊಂಡಿದೆಯೆಂಬುದು ಸ್ಪಷ್ಟವಾಗುತ್ತದೆ. ಕಾಳಿದಾಸನ ರಘುವಂಶದಲ್ಲಿ ಕಾವೇರಿಯು ಬರುವುದು ನಾಲ್ಕನೆಯ ಸರ್ಗದಲ್ಲಿ, ರಘುವಿನ ದಿಗ್ವಿಜಯಪ್ರಯಾಣದ ನಡುವೆ. ಸೈನ್ಯವು ಇಳಿದು ಮಿಂದು, ಆನೆಗಳ ಮದದ ವಾಸನೆ ನೀರಿಗೆ ಹತ್ತಿದ ಮೇಲೆಯೇ ಕಾವೇರಿಯ ಮಾತು ಅಲ್ಲಿ ಹುಟ್ಟುತ್ತದೆ. ದಡದಲ್ಲಿ ನಿಂತು ನೋಡಿದ ನದಿಯಲ್ಲ ಅದು; ಇಳಿದು ದಾಟಿದ ನದಿ. ಮೇಘದೂತದ ಪೂರ್ವಭಾಗದಲ್ಲಿ ರೇವಾ ವೇತ್ರವತಿ ಮುಂತಾದ ನದಿಗಳೆಲ್ಲ ಮೇಘವು ಹೋಗಬೇಕಾದ ದಾರಿಯಲ್ಲಿ ಒಂದಾದ ಮೇಲೊಂದು ಎದುರಾಗುತ್ತವೆ. ಪರ್ವತವು ನಿಂತಿರುವ ವಸ್ತು, ಅದನ್ನು ನಿಂತು ವರ್ಣಿಸಬಹುದು. ನದಿಯು ಹೋಗುವ ವಸ್ತು, ಅದರ ವರ್ಣನೆಯು ಪ್ರಯಾಣದ ಅಂಗ. ಆ ಪಟ್ಟಿಯಿಂದಲೂ ಈ ಪ್ರಯೋಗಗಳಿಂದಲೂ ಇಷ್ಟನ್ನು ಊಹಿಸಿದರೆ ತಪ್ಪಾಗಲಾರದು.

ಮೇಕೆದಾಟಿಗೆ ಹೋಗುವ ದಾರಿಯೇ ಇದಕ್ಕೆ ಪ್ರತ್ಯಕ್ಷವಾದ ಉದಾಹರಣೆ. ಮೋಟಾರು ಗಾಡಿಯು ಬಸವನಗುಡಿಯನ್ನು ಬಿಟ್ಟು ಕಗ್ಗಲೀಪುರ, ಹಾರೋಹಳ್ಳಿ, ಕನಕಪುರಗಳನ್ನು ದಾಟಿ, ಕಾಡಿನ ತಿರುವುಗಳಲ್ಲಿ ಇಳಿದು, ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ನದಿಯೇ ಅಡ್ಡ. ಬೇಸಗೆಯಲ್ಲಿ ನೀರು ಕಡಮೆಯಿದ್ದಾಗ ಕಾಲುನಡಗೆಯಿಂದಲೋ ಹರಿಗೋಲಿನಿಂದಲೋ ದಾಟಿ, ಆಚೆಯ ದಡದ ಹಾದಿಯಲ್ಲಿ ಇನ್ನೂ ಸುಮಾರು ನಾಲ್ಕು ಕಿಲೋಮೀಟರು ಹೋಗಬೇಕು. ಈ ನಾಲ್ಕು ಕಿಲೋಮೀಟರುಗಳಲ್ಲಿಯೇ ನದಿಯು ತನ್ನ ಸ್ವರೂಪವನ್ನು ಬದಲಾಯಿಸುತ್ತದೆ. ಸಂಗಮದಲ್ಲಿ ಮಕ್ಕಳು ಆಡುವಷ್ಟು ಅಗಲವೂ ತೆಳುವೂ ಆಗಿದ್ದ ನೀರು ಮೆಲ್ಲಮೆಲ್ಲನೆ ಒಂದೆಡೆಗೆ ಒತ್ತಿಕೊಳ್ಳುತ್ತ, ಬಂಡೆಗಳು ಹೆಚ್ಚುತ್ತ, ದನಿ ಆಳಕ್ಕೆ ಇಳಿಯುತ್ತ, ಕಡೆಗೆ ಹತ್ತು ಮೀಟರಿನಷ್ಟು ಕಿರಿದಾದ ಕಲ್ಲಿನ ಓಣಿಯೊಳಕ್ಕೆ ಇಡಿಯ ಹೊಳೆಯೇ ಹೊಗುತ್ತದೆ. ಅಗಲವಾಗಿದ್ದ ನೀರು ಇಲ್ಲಿ ಆಳವಾಗಿ ಪರಿಣಮಿಸಿದೆ. ಈ ಪರಿಣಾಮವನ್ನು ಹೆಜ್ಜೆಯಿಂದ ಅಳೆದವನಿಗೆ ಕಂದರವು ಅರ್ಥವಾಗುತ್ತದೆ. ಸಂಗಮದ ನೀರನ್ನು ಗಮನಿಸದೆ ನೇರವಾಗಿ ಕಂದರದ ಅಂಚಿಗೆ ಹೋಗಿ ನಿಂತವನಿಗೆ ಅದು ಕಲ್ಲುಗಳ ನಡುವೆ ಹರಿಯುವ ಒಂದು ಕಾಲುವೆಯಂತೆ ಕಂಡರೆ ಅವನದು ತಪ್ಪಲ್ಲ. ಅವನು ಕಥೆಯ ಮೊದಲನ್ನು ಓದದೆ ಕೊನೆಯನ್ನು ಮಾತ್ರ ಓದಿದ್ದಾನೆ.

ಆ ಸ್ಥಳದ ಹೆಸರೇ ಈ ಮಾತಿಗೆ ಸಾಕ್ಷಿ. ಮೇಕೆಯೊಂದು ಈ ದಡದಿಂದ ಆ ದಡಕ್ಕೆ ಹಾರಿತೆಂಬ ಐತಿಹ್ಯದಿಂದ ಬಂದ ಹೆಸರದು. ತಮಿಳಿನಲ್ಲಿಯೂ ಅದೇ ಅರ್ಥದ ಹೆಸರಿದೆ. ಮೇಕೆಯು ನಿಜವಾಗಿ ಹಾರಿತೋ ಇಲ್ಲವೋ ಎಂಬ ವಿಚಾರವು ಪ್ರಕೃತಕ್ಕೆ ಬೇಡ. ಹೆಸರಿಟ್ಟವನು ನದಿಯ ಅಗಲವನ್ನು ಅಳೆಯಲು ಆರಿಸಿಕೊಂಡ ಅಳತೆಗೋಲು ಯಾವುದೆಂಬುದನ್ನು ಗಮನಿಸಬೇಕು. ಅವನು ರಮಣೀಯವೆನ್ನಲಿಲ್ಲ, ಭಯಂಕರವೆನ್ನಲಿಲ್ಲ. ತಾನು ದಿನವೂ ಕಂಡ ಪ್ರಾಣಿಯ ಒಂದು ಜಿಗಿತದಿಂದ ಕಾವೇರಿಯನ್ನು ಅಳೆದನು. ಅಷ್ಟು ದೊಡ್ಡ ಹೊಳೆಯು ಇಲ್ಲಿ ಅಷ್ಟು ಕಿರಿದಾಯಿತಲ್ಲಾ ಎಂಬ ವಿಸ್ಮಯವು ಎರಡು ಪದಗಳ ಸಮಾಸದಲ್ಲಿ ಪೂರ್ಣವಾಗಿ ಅಡಗಿದೆ. ಇನ್ನೂ ಕೆಳಗೆ ಇದೇ ನದಿಯ ಮತ್ತೊಂದು ಸ್ಥಳಕ್ಕೆ ಹೊಗೆನಕಲ್ಲೆಂದು ಹೆಸರು; ತುಂತುರು ಹೊಗೆಯಾಗಿ ಏಳುವ ಕಲ್ಲೆಂಬುದನ್ನು ಕಣ್ಣಾರೆ ಕಂಡವರು ಇಟ್ಟ ಹೆಸರದು. ಇವು ಅಜ್ಞಾತಕರ್ತೃಕವಾದ ಸಣ್ಣ ಕಾವ್ಯಗಳು. ನಡೆದು ಹೋದವರ, ಮೇಕೆ ಮೇಯಿಸಿದವರ ಬಾಯಲ್ಲಿ ಹುಟ್ಟಿದ ಈ ಎರಡು ಹೆಸರುಗಳಿಗೆ ಸಮನಾಗಿ ನಿಲ್ಲುವ ಒಂದು ಪುಟವು ಪ್ರವಾಸಲೇಖನಗಳ ರಾಶಿಯಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಇಂಥ ನೇರವಾದ ಮಾತಿಗೆ ಶಾಸ್ತ್ರದಲ್ಲಿ ಸ್ವಭಾವೋಕ್ತಿಯೆಂದು ಹೆಸರು. ಅದರ ಸ್ಥಾನದ ವಿಷಯದಲ್ಲಿ ಪೂರ್ವಿಕರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಭಾಮಹನು ಅದನ್ನು ಅಲಂಕಾರವೆಂದು ಕೆಲವರು ಹೇಳುತ್ತಾರೆಂದು ಉದಾಸೀನವಾಗಿ ನುಡಿದನು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲನೆಯ ಸ್ಥಾನವನ್ನು ಕೊಟ್ಟನು. ಕುಂತಕನು ವಕ್ರೋಕ್ತಿಜೀವಿತದಲ್ಲಿ, ವಸ್ತುವಿನ ಸ್ವಭಾವವು ಅಲಂಕರಿಸಬೇಕಾದ ಶರೀರವೇ ಹೊರತು ಅಲಂಕಾರವಲ್ಲವೆಂದು ಅದನ್ನು ನಿರಾಕರಿಸಿದನು. ಆದರೆ ಕುಂತಕನ ನಿರಾಕರಣೆಯಲ್ಲಿಯೂ ಒಂದು ಅಂಗೀಕಾರವಿದೆ: ಶರೀರವೇ ಇಲ್ಲದಿದ್ದರೆ ಆಭರಣವನ್ನು ಎಲ್ಲಿ ತೊಡಿಸುವುದು? ಪ್ರವಾಸಲೇಖನಗಳಲ್ಲಿ ಕಾಣುವುದು ಈ ಅವಸ್ಥೆಯೇ. ಪ್ರಕೃತಿಮಾತೆಯ ಮಡಿಲು, ಕಣ್ಣಿಗೆ ಹಬ್ಬ, ಸ್ವರ್ಗದ ತುಣುಕು ಮುಂತಾದ ಆಭರಣಗಳು ಪೆಟ್ಟಿಗೆಯಲ್ಲಿ ತುಂಬಿವೆ, ತೊಡುವ ದೇಹವಿಲ್ಲ.

ಮೇಕೆದಾಟಿನ ದೇಹವೆಂದರೆ ಏನು? ಅಲ್ಲಿಯ ಬಂಡೆಗಳಲ್ಲಿ ದುಂಡನೆಯ ಗುಳಿಗಳಿವೆ. ಕೆಲವು ಬೊಗಸೆಯಷ್ಟು, ಕೆಲವು ಒರಳಿನಷ್ಟು, ಕೆಲವು ಬಾವಿಯಂತೆ ಆಳ. ಪ್ರವಾಹದ ಸುಳಿಯಲ್ಲಿ ಸಿಕ್ಕಿದ ಉರುಟುಗಲ್ಲುಗಳು ಒಂದೇ ಕಡೆ ಸುತ್ತಿ ಸುತ್ತಿ ಬಂಡೆಯನ್ನು ಕೊರೆದುದರಿಂದ ಇವು ಆದುವು. ನೀರು ಇಳಿದ ಮೇಲೆ ಗುಳಿಯ ತಳದಲ್ಲಿ ಆ ಕಲ್ಲುಗಳೇ, ಕೆಲಸ ಮುಗಿಸದ ಉಳಿಗಳಂತೆ, ಉಳಿದಿರುವುದುಂಟು. ಇದನ್ನು ಬರೆಯುವುದಕ್ಕೆ ಅಸಾಧಾರಣವಾದ ಪ್ರತಿಭೆಯೇನೂ ಬೇಡ. ಬಗ್ಗಿ ನೋಡುವ ವ್ಯವಧಾನ ಬೇಕು. ಅಷ್ಟನ್ನು ಬರೆದರೆ ಕಾಲವೆಂಬುದು ಎಷ್ಟು ದೀರ್ಘವೆಂಬ ಭಾವವು ವಾಚಕನ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟುತ್ತದೆ. ‘ಅನಾದಿಕಾಲದಿಂದ’ ಎಂಬ ಪದವನ್ನು ಬಳಸುವ ಅವಶ್ಯಕತೆಯೇ ಬೀಳುವುದಿಲ್ಲ. ಹಾಗೆಯೇ ನೀರಿನ ಮಟ್ಟ. ಅಲ್ಲಿಯ ಕಾವೇರಿಯು ಮಳೆಯನ್ನು ಮಾತ್ರ ಅನುಸರಿಸುವುದಿಲ್ಲ. ಮೇಲೆ ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಬಿಟ್ಟ ನೀರಿನ ಪ್ರಮಾಣವನ್ನೂ ಅನುಸರಿಸುತ್ತದೆ. ಬಿಸಿಲಿನ ದಿನದಲ್ಲಿಯೂ ಹೊಳೆ ಏರುವುದುಂಟು. ನುಣುಪಾದ ಬಂಡೆಗಳೂ ಕಾಣದ ಸುಳಿಗಳೂ ಅಲ್ಲಿ ಎಷ್ಟೋ ಪ್ರಾಣಗಳನ್ನು ತೆಗೆದುಕೊಂಡಿವೆ. ‘ರಮಣೀಯ’ವೆಂಬ ಒಂದೇ ಪದದಿಂದ ತೃಪ್ತವಾದ ಬರೆಹವು ಸೌಂದರ್ಯದ ವಿಷಯದಲ್ಲಿ ಅಪೂರ್ಣವಾಗಿರುವಂತೆಯೇ ಸತ್ಯದ ವಿಷಯದಲ್ಲಿಯೂ ಅಪೂರ್ಣ. ಅದನ್ನು ಓದಿ ಹೊರಟ ಕುಟುಂಬಕ್ಕೆ ಅದು ಯಾವ ಎಚ್ಚರಿಕೆಯನ್ನೂ ಕೊಟ್ಟಿರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವಿದೆ. ಮೋಟಾರಿನಲ್ಲಿ ಹೋದವರೆಲ್ಲ ಕುರುಡರು, ನಡೆದವರೆಲ್ಲ ಕವಿಗಳು ಎಂದು ಇದರ ಅರ್ಥವೇ? ಹಾಗೆ ಹೇಳುವುದು ಅನ್ಯಾಯ. ಮನೆಯ ಹಿರಿಯರು, ಎಳೆಯ ಮಕ್ಕಳ ತಾಯಂದಿರು, ಕಾಲಿನಲ್ಲಿ ಶಕ್ತಿಯಿಲ್ಲದವರು ಕಾವೇರಿಯನ್ನು ನೋಡಬಾರದೆಂದು ಯಾವ ಸಹೃದಯನೂ ಹೇಳಲಾರನು. ಅಲ್ಲದೆ ಕಾಲುನಡಗೆಯ ಬರೆಹಕ್ಕೂ ಅದರದೇ ಆದ ರೋಗವೊಂದುಂಟು. ಈಚಿನ ಚಾರಣಕಥನಗಳಲ್ಲಿ ಬರೆಯುವವನು ತಾನು ಹತ್ತಿದ ದಿಣ್ಣೆ, ತಾನು ಸುರಿಸಿದ ಬೆವರು, ತನ್ನ ಕಾಲಿಗೆ ಹತ್ತಿದ ಇಂಬಳ, ತಾನು ನಡೆದ ಕಿಲೋಮೀಟರುಗಳ ಲೆಕ್ಕ, ಇವನ್ನೇ ತುಂಬುತ್ತಾನೆ. ಅಲ್ಲಿ ನದಿಯು ನಾಯಕನ ಸಾಹಸಕ್ಕೆ ಹಿಡಿದ ತೆರೆಯಾಗುತ್ತದೆ. ಮೋಟಾರಿನವನು ನದಿಯನ್ನು ನೋಡದೆ ಬಂದರೆ, ಇವನು ನದಿಯ ಮುಂದೆ ತಾನೇ ಅಡ್ಡ ನಿಂತಿದ್ದಾನೆ. ಫಲದಲ್ಲಿ ಹೆಚ್ಚು ಭೇದವಿಲ್ಲ.

ವಾಹನದ ಪ್ರಶ್ನೆಯನ್ನು ಸರಿಯಾಗಿ ಬಗೆಹರಿಸಲು ಮತ್ತೆ ಕಾಳಿದಾಸನೇ ನೆರವಾಗುತ್ತಾನೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು ಲಂಕೆಯಿಂದ ಅಯೋಧ್ಯೆಗೆ ಹಿಂದಿರುಗುವಾಗ ಕೆಳಗಿನ ನಾಡನ್ನು ಸೀತೆಗೆ ತೋರಿಸುತ್ತಾನೆ. ಪುಷ್ಪಕಕ್ಕಿಂತ ವೇಗವಾದ ವಾಹನವು ಯಾವುದಿದ್ದೀತು? ಆದರೂ ಆ ಸರ್ಗದಲ್ಲಿ ಆತುರವಿಲ್ಲ, ಬರಿದಾದ ವಿಶೇಷಣಗಳ ಗದ್ದಲವಿಲ್ಲ. ಏಕೆಂದರೆ ಮೇಲಿನಿಂದ ಕಾಣುವ ನೆಲದ ಬಹುಭಾಗವನ್ನು ಆ ದಂಪತಿಗಳು ಹಿಂದೆ ಕಾಲಿನಿಂದ ನಡೆದಿದ್ದರು. ಜನಸ್ಥಾನದಲ್ಲಿ ಸೀತೆಯ ಕಾಲಂದುಗೆ ಬಿದ್ದಿದ್ದ ಜಾಗವನ್ನು ರಾಮನು ತೋರಿಸುತ್ತಾನೆ. ಗೋದಾವರಿಯ ತೀರ, ಪಂಚವಟಿ, ಚಿತ್ರಕೂಟ, ಮಂದಾಕಿನಿ ಇವೆಲ್ಲವೂ ಅನುಭವದ ಗುರುತುಗಳಾಗಿ ಕಾಣಿಸಿಕೊಳ್ಳುತ್ತವೆ. ಪ್ರಯಾಗದ ಸಂಗಮವನ್ನು ಅವನು ಉಪಮೆಗಳ ಮಾಲೆಯಿಂದ ವರ್ಣಿಸುವಾಗಲೂ ಆ ಮಾಲೆಯು ಎರಡು ನೀರುಗಳ ಬಣ್ಣದ ಭೇದವೆಂಬ ಒಂದೇ ಸತ್ಯವಾದ ದಾರದಲ್ಲಿ ಪೋಣಿಸಲ್ಪಟ್ಟಿದೆ. ವಿಮಾನದ ನೋಟಕ್ಕೆ ರಸವನ್ನು ತಂದುದು ಹಿಂದಿನ ನಡಗೆ. ಆದಕಾರಣ ವಾಹನವು ದೋಷವಲ್ಲ, ಪರಿಚಯವಿಲ್ಲದಿರುವುದು ದೋಷ. ಆ ಪರಿಚಯವನ್ನು ಸ್ವಂತ ಕಾಲಿನಿಂದ ಪಡೆಯಲಾರದವನು ಓದಿನಿಂದಲೂ ಸ್ಥಳೀಯರ ಮಾತಿನಿಂದಲೂ ಪಡೆಯಬಹುದು. ಹರಿಗೋಲಿನವನನ್ನು ಹತ್ತು ನಿಮಿಷ ವಿಚಾರಿಸಿದರೆ ಕ್ಯಾಮರಾದ ನೂರು ಚಿತ್ರಗಳಿಂದ ತಿಳಿಯದ ಸಂಗತಿಗಳು ತಿಳಿಯುತ್ತವೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳಿಲ್ಲದಿಲ್ಲ. ವಿ. ಸೀತಾರಾಮಯ್ಯನವರು ತಮ್ಮ ಹಂಪೆಯ ಪ್ರವಾಸದ ಪುಸ್ತಕಕ್ಕೆ ‘ಪಂಪಾಯಾತ್ರೆ’ಯೆಂದು ಹೆಸರಿಟ್ಟರು, ಸ್ಥಳದೊಡನೆ ಹೋಗುವಿಕೆಯೂ ಆ ಹೆಸರಿನಲ್ಲಿಯೇ ಸೇರಿದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (೧೯೩೩) ಕಾಡಿನಲ್ಲಿ ಅಲೆದವರ ಗದ್ಯ. ಶಿವರಾಮ ಕಾರಂತರ ‘ಬೆಟ್ಟದ ಜೀವ’ (೧೯೪೩) ಕಾದಂಬರಿಯು ಸುಬ್ರಹ್ಮಣ್ಯದ ಕಡೆಗೆ ನಡೆದು ಹೊರಟವನೊಬ್ಬನು ಸಂಜೆಯಲ್ಲಿ ದಾರಿ ತಪ್ಪುವುದರಿಂದಲೇ ಮೊದಲಾಗುತ್ತದೆ; ದಾರಿ ತಪ್ಪದಿದ್ದರೆ ಆ ಬೆಟ್ಟವೂ ಇಲ್ಲ, ಆ ಜೀವವೂ ಇಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಇನ್ನೂ ಹತ್ತಿರದ ಉದಾಹರಣೆ. ಹಾರುವ ಓತಿಯನ್ನು ಹುಡುಕುತ್ತ ದಟ್ಟವಾದ ಕಾಡಿನಲ್ಲಿ ಕಷ್ಟಪಟ್ಟು ನಡೆದವರು ಕೊನೆಗೆ ಪ್ರಪಾತದ ಅಂಚಿಗೆ ಬಂದು ನಿಲ್ಲುತ್ತಾರೆ. ಆ ಪ್ರಾಣಿಯು ಅವರ ಕಣ್ಣೆದುರಿಗೇ ಆಳದ ಮೇಲೆ ತೇಲಿ ಹೋಗಿಬಿಡುತ್ತದೆ. ಆ ಕಮರಿಯು ವಾಚಕನ ಎದೆಯನ್ನು ನಡುಗಿಸಬೇಕಾದರೆ ಹಿಂದಿನ ಪುಟಗಳ ನಡಗೆಯೇ ಕಾರಣ. ಕಾದಂಬರಿಯ ಆ ಒಂದು ದೃಶ್ಯವನ್ನು ಮಾತ್ರ ಕಿತ್ತು ಕೊಟ್ಟರೆ ಅದು ಸಾಮಾನ್ಯವಾದ ಒಂದು ನೋಟವಾಗಿ ಉಳಿದೀತು. ಈ ಗ್ರಂಥಗಳು ಮಲೆನಾಡಿನವು, ಹಂಪೆಯವು. ಬೆಂಗಳೂರಿಗೆ ಅತಿ ಸಮೀಪದಲ್ಲಿರುವ ಕಾವೇರಿಯ ಕಂದರಕ್ಕೆ ಇಂಥ ಅದೃಷ್ಟವು ಇನ್ನೂ ಒದಗಿಲ್ಲ.

ಈ ಕೊರತೆಯು ಬಸವನಗುಡಿ ಮಲ್ಲೇಶ್ವರಗಳ ಓದುಗರಿಗೆ ವಿಶೇಷವಾಗಿ ಸಂಬಂಧಿಸಿದುದು. ಏಕೆಂದರೆ ಅವರಿಗೂ ಆ ಕಂದರಕ್ಕೂ ಇರುವ ಸಂಬಂಧವು ಭಾನುವಾರದ ವಿಹಾರದಷ್ಟೇ ಅಲ್ಲ. ದೊಡ್ಡ ಬಸವಣ್ಣನ ಪಾದದಡಿಯಲ್ಲಿ ವೃಷಭಾವತಿಯು ಹುಟ್ಟುತ್ತದೆಂಬುದು ಬಸವನಗುಡಿಯ ಪ್ರತೀತಿ. ಕಾಡು ಮಲ್ಲೇಶ್ವರನ ಎದುರಿನ ನಂದಿತೀರ್ಥದಲ್ಲಿ ಅದರ ಮೂಲವಿದೆಯೆಂಬುದು ಮಲ್ಲೇಶ್ವರದ ಪ್ರತೀತಿ. ಎರಡು ಬಡಾವಣೆಗಳೂ ಒಂದೇ ನದಿಯನ್ನು ತಮ್ಮ ಮನೆಯ ಮಗಳೆಂದು ಹೇಳಿಕೊಳ್ಳುತ್ತವೆ. ಆ ವೃಷಭಾವತಿಯು ಮೈಸೂರು ರಸ್ತೆಯ ಪಕ್ಕದಲ್ಲಿ, ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯ ಮೂಲಕ ಮುಂದುವರಿದು ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅಂದರೆ ಪ್ರವಾಸಿಯು ಮೋಟಾರಿನಲ್ಲಿ ಮೂರು ಗಂಟೆಯಲ್ಲಿ ತಲುಪುವ ಸಂಗಮಕ್ಕೆ ಅವನ ಮನೆಯ ನೀರು ಮೊದಲೇ ಹೊರಟು ನಡೆದು ಬಂದಿರುತ್ತದೆ. ಆ ನೀರು ಈಗ ಯಾವ ಸ್ಥಿತಿಯಲ್ಲಿದೆಯೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು, ನೊರೆಯೆದ್ದು, ಅದು ಹರಿಯುತ್ತದೆ. ಇದೇ ಅರ್ಕಾವತಿಯಿಂದ ೧೮೯೬ರಲ್ಲಿ ಹೆಸರಘಟ್ಟದ ಮೂಲಕವೂ ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಮೂಲಕವೂ ಬೆಂಗಳೂರು ಕುಡಿಯುವ ನೀರನ್ನು ತಂದುಕೊಂಡಿತು. ಮೇಲೆ ತೆಗೆದುಕೊಂಡುದು ಒಂದು ಬಗೆ, ಕೆಳಗೆ ಹಿಂದಿರುಗಿಸಿದುದು ಮತ್ತೊಂದು ಬಗೆ.

ಕಾವೇರಿಯ ಋಣವು ಇದಕ್ಕಿಂತಲೂ ದೊಡ್ಡದು. ಶಿವನಸಮುದ್ರದ ಪ್ರಪಾತದಿಂದ ೧೯೦೨ರಲ್ಲಿ ಹೊರಟ ವಿದ್ಯುಚ್ಛಕ್ತಿಯು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿಗೆ ಬಂದಿತು. ೧೮೯೮ರ ಪ್ಲೇಗಿನ ಅನಂತರ ಬೆಳೆದ ಹೊಸ ಬಡಾವಣೆಗಳ ಮಕ್ಕಳು ಓದಿದ ದೀಪದ ಮೂಲವು ಕಾವೇರಿಯ ಒಂದು ಕಂದರದಲ್ಲಿತ್ತು. ೧೯೭೪ರಿಂದ ಅದೇ ನದಿಯ ನೀರು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿಲೋಮೀಟರು ದೂರ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಮನೆಮನೆಯ ನಲ್ಲಿಗೆ ಬರುತ್ತಿದೆ. ತಂತಿಯಿಂದಲೂ ಕೊಳವೆಯಿಂದಲೂ ಕಂದರವು ಮನೆಯೊಳಕ್ಕೇ ಬಂದಿರುವಾಗ, ಅದನ್ನು ದೂರದ ಒಂದು ನೋಟವೆಂದು ಬರೆಯುವುದು ವಾಸ್ತವಕ್ಕೆ ಹೊಂದುವುದಿಲ್ಲ. ಪ್ರಯಾಗದಲ್ಲಿ ಎರಡು ನೀರುಗಳ ಬಣ್ಣವನ್ನು ನೋಡಿ ಕಾಳಿದಾಸನು ವರ್ಣಿಸಿದಂತೆ, ಈ ಸಂಗಮದಲ್ಲಿಯೂ ಎರಡು ನೀರುಗಳ ಭೇದವನ್ನು ಕಣ್ಣಿಟ್ಟು ನೋಡಿ ಬರೆಯುವ ಕನ್ನಡ ಲೇಖಕನೊಬ್ಬನು ಬರಬೇಕಾಗಿದೆ. ಅವನಿಗೆ ಮುತ್ತಿನ ಉಪಮೆಯೂ ಇಂದ್ರನೀಲದ ಉಪಮೆಯೂ ಒದಗಲಾರವು. ಆದರೆ ಸತ್ಯವಾದ ದಾರವು ದೊರೆತರೆ ಅದಕ್ಕೆ ತಕ್ಕ ಮಣಿಗಳು ದೊರೆಯುವುವು.

ಈ ವಿಚಾರವು ಬರಿಯ ಶೈಲಿಯ ವಿಚಾರವಲ್ಲವೆಂಬುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಮೇಕೆದಾಟಿನ ಬಳಿ ೬೭.೧೬ ಟಿ.ಎಂ.ಸಿ. ನೀರು ನಿಲ್ಲುವಂಥ ಜಲಾಶಯವೊಂದನ್ನು ಕಟ್ಟಬೇಕೆಂಬ ಯೋಜನೆಯ ವಿವರವಾದ ವರದಿಯನ್ನು ಕರ್ನಾಟಕವು ೨೦೧೯ರಲ್ಲಿ ಕೇಂದ್ರಕ್ಕೆ ಸಲ್ಲಿಸಿತು. ಬೆಂಗಳೂರಿಗೆ ಕುಡಿಯುವ ನೀರು, ೪೦೦ ಮೆಗಾವಾಟು ವಿದ್ಯುತ್ತು ಇವು ಅದರ ಉದ್ದೇಶ. ಸುಮಾರು ಐದು ಸಾವಿರ ಹೆಕ್ಟೇರು ಭೂಮಿ, ಅದರಲ್ಲಿ ಬಹುಭಾಗ ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಅರಣ್ಯ, ನೀರಿನಲ್ಲಿ ಮುಳುಗಬೇಕಾಗುತ್ತದೆ. ಸಂಗಮ, ಮುತ್ತತ್ತಿಗಳ ಹೆಸರೂ ಮುಳುಗಡೆಯ ಮಾತಿನಲ್ಲಿ ಬಂದಿವೆ. ತಮಿಳುನಾಡು ಇದನ್ನು ವಿರೋಧಿಸುತ್ತ ಬಂದಿದೆ. ಇದೇ ಯೋಜನೆಗಾಗಿ ೨೦೨೨ರ ಜನವರಿಯಲ್ಲಿ ಸಂಗಮದಿಂದ ಹೊರಟ ರಾಜಕೀಯ ಪಾದಯಾತ್ರೆಯೊಂದು, ನಡುವೆ ನಿಂತು ಮತ್ತೆ ಮೊದಲಾಗಿ, ಮಾರ್ಚಿ ತಿಂಗಳಿನಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಮೈದಾನದಲ್ಲಿ ಮುಗಿಯಿತು. ವೃಷಭಾವತಿಯು ಕೆಳಗಿಳಿಯುವ ದಿಕ್ಕಿಗೆ ಎದುರಾಗಿ ಜನರು ನಡೆದು ಬಂದರು. ಯೋಜನೆಯು ಆಗಬೇಕೇ ಬಾರದೇ ಎಂಬುದನ್ನು ತೀರ್ಮಾನಿಸುವುದು ಸಾಹಿತ್ಯವಿಮರ್ಶೆಯ ಕೆಲಸವಲ್ಲ. ನೀರಿನ ಅವಶ್ಯಕತೆಯು ಸುಳ್ಳಲ್ಲ, ಕಾಡಿನ ನಷ್ಟವೂ ಸುಳ್ಳಲ್ಲ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ಟಿ.ಎಂ.ಸಿ., ಮೆಗಾವಾಟುಗಳೆಂಬ ನಿಷ್ಕೃಷ್ಟವಾದ ಲೆಕ್ಕವನ್ನಿಟ್ಟು, ಇನ್ನೊಂದು ತಟ್ಟೆಯಲ್ಲಿ ‘ರಮಣೀಯ ಪ್ರಕೃತಿಸೌಂದರ್ಯ’ವೆಂಬ ಸವೆದ ಮಾತನ್ನಿಟ್ಟರೆ ತೂಕವು ಯಾವ ಕಡೆಗೆ ವಾಲುವುದೆಂದು ಹೇಳಬೇಕಾದುದಿಲ್ಲ. ಅದು ಕಂದರದ ಸೋಲಲ್ಲ, ಭಾಷೆಯ ಸೋಲು. ನಿಷ್ಕೃಷ್ಟತೆಯು ಎರಡು ತಟ್ಟೆಗಳಲ್ಲಿಯೂ ಇರಬೇಕು.

ಜೋಗದ ಇತಿಹಾಸವು ಈ ವಿಷಯದಲ್ಲಿ ಕಲಿಸುವುದು ಬಹಳ. ಶರಾವತಿಯು ೨೫೩ ಮೀಟರು ಧುಮುಕುವ ಆ ಪ್ರಪಾತಕ್ಕೆ ಲಿಂಗನಮಕ್ಕಿಯ ಅಣೆಕಟ್ಟು ೧೯೬೪ರಲ್ಲಿ ಮುಗಿದ ಮೇಲೆ ವರ್ಷದ ಬಹುಭಾಗ ಹಿಂದಿನ ನೀರಿಲ್ಲ. ಜೋಗದ ಹೆಸರನ್ನು ಮಾತ್ರ ಕನ್ನಡಿಗರು ಬಿಟ್ಟಿಲ್ಲ. ಕೆ. ಎಸ್. ನಿಸಾರ್ ಅಹಮದರ ‘ನಿತ್ಯೋತ್ಸವ’ವು ಜೋಗದ ಹೆಸರಿನಿಂದಲೇ ಆರಂಭವಾಗುತ್ತದೆ, ಜೋಗವನ್ನು ಬಾಳಿನಲ್ಲಿ ಒಮ್ಮೆಯಾದರೂ ನೋಡಬೇಕೆಂಬ ಆಶಯದ ಹಾಡು ೧೯೯೨ರ ‘ಜೀವನಚೈತ್ರ’ ಚಲನಚಿತ್ರದಲ್ಲಿ ರಾಜಕುಮಾರರ ಕಂಠದಿಂದ ಮನೆಮಾತಾಯಿತು. ಹೆಸರು ಉಳಿದುದು ಭಾಗ್ಯವೇ. ಆದರೆ ಅಣೆಕಟ್ಟಿಗೆ ಮುಂಚೆ ವೈಶಾಖದಲ್ಲಿ ನೀರು ಹೇಗಿತ್ತು, ಆಶ್ವಯುಜದಲ್ಲಿ ಹೇಗಿತ್ತು, ಕಂದರದ ತಳಕ್ಕೆ ಇಳಿದವನ ಕಿವಿಗೆ ರಾಜನ ದನಿಗೂ ರಾಣಿಯ ದನಿಗೂ ಏನು ಭೇದವಿತ್ತು ಎಂಬುದನ್ನು ಇಂದಿನ ಹುಡುಗನು ತಿಳಿಯಬೇಕೆಂದರೆ ಹಾಡುಗಳು ನೆರವಾಗವು. ನಡೆದು ಇಳಿದವನು ಬರೆದಿಟ್ಟ ಗದ್ಯವೇ ನೆರವಾಗಬೇಕು. ಸ್ತುತಿಯು ವಸ್ತುವನ್ನು ನೆನಪಿನಲ್ಲಿಡುತ್ತದೆ, ಸ್ವಭಾವೋಕ್ತಿಯು ವಸ್ತುವನ್ನೇ ಉಳಿಸಿಕೊಡುತ್ತದೆ. ಎರಡೂ ಬೇಕು; ಎರಡನೆಯದು ವಿರಳ.

ಆದಕಾರಣ ವಿದ್ಯಾವಂತ ಕುಟುಂಬಗಳ ಹಿರಿಯರೂ ಶಾಲೆಗಳ ಉಪಾಧ್ಯಾಯರೂ ಮಾಡಬಹುದಾದ ಕೆಲಸವೊಂದಿದೆ. ಮಕ್ಕಳು ಪ್ರವಾಸದಿಂದ ಬಂದು ಪ್ರಬಂಧವನ್ನು ಬರೆದಾಗ, ಹೊರಟ ಗಂಟೆಯನ್ನೂ ತಲುಪಿದ ಗಂಟೆಯನ್ನೂ ಬಿಟ್ಟುಬಿಡುವಂತೆ ಹೇಳಿ, ನದಿಯನ್ನು ಕರ್ತೃವಾಗಿಟ್ಟು ಹತ್ತು ವಾಕ್ಯಗಳನ್ನು ಬರೆಯಿಸಲಿ. ಕಾವೇರಿಯು ಎಲ್ಲಿ ಅಗಲವಾಗಿತ್ತು, ಎಲ್ಲಿ ಕಿರಿದಾಯಿತು, ಅದರ ಬಣ್ಣವೇನು, ದಾಟುವಾಗ ಕಾಲಿಗೆ ತಾಕಿದುದು ಮರಳೋ ಕಲ್ಲೋ, ಬಂಡೆಯ ಗುಳಿಯಲ್ಲಿ ಏನಿತ್ತು, ಹರಿಗೋಲಿನವನು ಏನು ಹೇಳಿದನು ಎಂದು ವಿಚಾರಿಸಲಿ. ಮೋಟಾರಿನಲ್ಲಿ ಹೋದ ಮಗುವೂ ಕನಕಪುರದಲ್ಲಿ ದಾಟಿದ ನದಿಯ ಹೆಸರು ಅರ್ಕಾವತಿಯೆಂದೂ, ತನ್ನ ಮನೆಯ ನೀರು ಅದರಲ್ಲಿದೆಯೆಂದೂ ತಿಳಿದು ಹೋಗಲಿ. ಹೀಗೆ ಬರೆದ ನೂರು ಪ್ರಬಂಧಗಳಲ್ಲಿ ತೊಂಬತ್ತೊಂಬತ್ತು ಮರೆತುಹೋಗಬಹುದು. ಒಂದು ಉಳಿದರೂ ಸಾರ್ಥಕ. ಮುಂದೆ ಆ ಬಂಡೆಗಳ ಮೇಲೆ ನೀರು ನಿಂತರೂ ನಿಲ್ಲದಿದ್ದರೂ, ಕಾವೇರಿಯು ಮೇಕೆಯ ಒಂದು ಜಿಗಿತದಷ್ಟು ಕಿರಿದಾದ ಬಗೆಯನ್ನು ಕನ್ನಡದಲ್ಲಿ ಓದಿ ತಿಳಿಯುವಂತೆ ಇರಬೇಕು. ಅಷ್ಟನ್ನು ಬರೆದಿಡುವುದು ಈಗ ಇರುವವರ ಹೊಣೆ.